ಅಡವಿಟ್ಟ ಬಳೆ ಮತ್ತು ಮಗುವಿನ ಪ್ರಶ್ನೆ: ಕ್ರೈಸ್ತರು ‘ವಿಮೋಚನೆ’ ಎಂದಾಗ ಏನು ಹೇಳುತ್ತಾರೆ?

ಕಳೆದ ವರ್ಷ ಶುಭ ಶುಕ್ರವಾರಕ್ಕೆ ಎರಡು ವಾರ ಮುಂಚೆ ಗೆಳತಿಯೊಬ್ಬರಿಂದ ವಾಟ್ಸಾಪ್ ಸಂದೇಶ ಬಂತು. ಅವರು ಮೈಸೂರಿನ ಕಡೆಯವರು, ನಮ್ಮ ಹಾಗೆಯೇ ಜರ್ಮನಿಯ ಟ್ಯೂಬಿಂಗನ್‌ನಲ್ಲಿದ್ದಾರೆ. ಅವರ ಎಂಟು ವರ್ಷದ ಮಗ ಊಟಕ್ಕೆ ಕೂತವನು ಚಮಚ ಕೆಳಗಿಟ್ಟು ಕೇಳಿದನಂತೆ: “ಅಮ್ಮಾ, ಯೇಸು ನನಗೋಸ್ಕರ ಸತ್ತನಂತೆ. ನಾನೇನು ತಪ್ಪು ಮಾಡಿದ್ದೆ?” ಶಾಲೆಯಲ್ಲಿ ಜೊತೆಗಾರನೊಬ್ಬ ಹೇಳಿದ್ದ ಮಾತು ಅದು. ಮಲಗುವಾಗಲೂ ಅದೇ ಪ್ರಶ್ನೆ. “ನೀವು ಚರ್ಚಿಗೆ ಹೋಗೋರು, ನಿಮಗೆ ಗೊತ್ತಿರುತ್ತೆ. ಅವನಿಗೆ ಏನು ಹೇಳಲಿ?” ಎಂದು ಕೇಳಿದ್ದರು.

ನಾನು ರಸಾಯನ ವಿಜ್ಞಾನಿ. ದಿನವಿಡೀ ಪ್ರಶ್ನೆಗಳ ಜೊತೆಯೇ ಕೆಲಸ. ಗದಗ-ಬೆಟಗೇರಿಯ ಕ್ರೈಸ್ತ ಮನೆಯಲ್ಲಿ ಹುಟ್ಟಿದವಳು, ಸಂಡೇ ಸ್ಕೂಲಿನಲ್ಲಿ ವಚನ ಒಪ್ಪಿಸಿ ಬಹುಮಾನ ತೆಗೆದುಕೊಂಡವಳು. ಆದರೂ ಆ ಸಂದೇಶಕ್ಕೆ ಎರಡು ಸಲ ಉತ್ತರ ಟೈಪ್ ಮಾಡಿ ಅಳಿಸಿದೆ. ಕೊನೆಗೆ “ರಾತ್ರಿ ಫೋನ್ ಮಾಡ್ತೀನಿ” ಎಂದಷ್ಟೇ ಬರೆದೆ. ‘ಯೇಸು ನಮ್ಮ ವಿಮೋಚಕ’ ಎಂದು ಸಾವಿರ ಸಲ ಹೇಳಿದ್ದೇನೆ. ಅದರ ಅರ್ಥವನ್ನು ಒಂಬತ್ತು ವರ್ಷದ ನನ್ನ ಸ್ವಂತ ಮಗಳಿಗೂ ಒಮ್ಮೆಯೂ ಸರಿಯಾಗಿ ಬಿಡಿಸಿ ಹೇಳಿರಲಿಲ್ಲ ಎನ್ನುವುದು ಆಗ ಹೊಳೆಯಿತು.

ಆ ರಾತ್ರಿಯ ಫೋನ್ ಮಾತು ಮತ್ತು ಆಮೇಲೆ ನಮ್ಮ ಮನೆಯಲ್ಲಿ ನಡೆದ ಮಾತುಕತೆ ಸೇರಿ ಈ ಲೇಖನವಾಗಿದೆ. ನೀವು ಕ್ರೈಸ್ತರಾಗಿರಬಹುದು, ಅಲ್ಲದಿರಬಹುದು. ಯಾರನ್ನೂ ಒಪ್ಪಿಸುವುದು ನನ್ನ ಉದ್ದೇಶವಲ್ಲ. ನಮ್ಮ ಮಕ್ಕಳು ಬೆಳೆಯುತ್ತಿರುವ ದೇಶಗಳಲ್ಲಿ ಈ ಮಾತು ಗೋಡೆಗಳ ಮೇಲೆ, ಹಾಡುಗಳಲ್ಲಿ, ರಜಾದಿನಗಳಲ್ಲಿ ಎಲ್ಲೆಲ್ಲೂ ಇದೆ. ಇಲ್ಲಿ ಶುಭ ಶುಕ್ರವಾರ ಅಂಗಡಿಗಳಿಗೆ ಬಾಗಿಲು. ಆ ದಿನ ಸಾರ್ವಜನಿಕ ನೃತ್ಯಕ್ಕೂ ಕಾನೂನಿನ ನಿರ್ಬಂಧವಿದೆ. ಮಗು ‘ಯಾಕೆ’ ಎಂದು ಕೇಳದೆ ಇದ್ದರೇನೇ ಆಶ್ಚರ್ಯ.

ಮೊದಲು, ಬಳೆಯ ಕಥೆ

‘ವಿಮೋಚನೆ’ ಪುಸ್ತಕದ ಪದ. ಮನೆಯ ಮಾತಿನಲ್ಲಿ ಅದಕ್ಕೆ ಹತ್ತಿರದ ಪದ ‘ಬಿಡಿಸಿಕೊಳ್ಳುವುದು’. ಅಡವಿಟ್ಟ ಒಡವೆಯನ್ನು ಸಾಲ ತೀರಿಸಿ ಮನೆಗೆ ತರುತ್ತೇವಲ್ಲ, ಅದೇ. ಲ್ಯಾಟಿನ್ನಿನ ‘ರೆಡೆಂಪ್ಶಿಯೋ’ ಪದಕ್ಕೂ ಮೂಲದ ಅರ್ಥ ಹಣ ಕೊಟ್ಟು ವಾಪಸ್ ಪಡೆಯುವುದು ಎಂದೇ.

ನಮ್ಮ ಅವ್ವನ ಹತ್ತಿರ ನಾಲ್ಕು ಚಿನ್ನದ ಬಳೆ ಇದ್ದವು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅವು ಒಂದು ದಿನ ಇದ್ದಕ್ಕಿದ್ದಂತೆ ಕಾಣೆಯಾದವು. ಅವ್ವನ ಕೈಯಲ್ಲಿ ಹಸಿರು ಗಾಜಿನ ಬಳೆ. ವಿಷಯ ಹೊರಬಂದದ್ದು ವಾರದ ನಂತರ. ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಕುಡಿತಕ್ಕೆ ಬಿದ್ದು ತನ್ನ ಪಾಲಿನ ಎರಡು ಎಕರೆ ಹೊಲವನ್ನು ಸಾಲಗಾರನಿಗೆ ಬರೆದುಕೊಟ್ಟಿದ್ದ. ವಾಯಿದೆ ಮುಗಿಯುತ್ತ ಬಂದಿತ್ತು. ಚಿಗವ್ವ ಎರಡು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಅಪ್ಪ ಬಳೆಗಳನ್ನು ಅಡವಿಟ್ಟು, ಅದಕ್ಕೆ ತನ್ನ ಉಳಿತಾಯ ಸೇರಿಸಿ, ಹೊಲವನ್ನು ಬಿಡಿಸಿದ್ದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. ಮುಂದಿನ ವರ್ಷ ಕಾಲೇಜಿಗೆ ಹೋಗಬೇಕಾದವಳು ನಾನು. “ತಪ್ಪು ಮಾಡಿದಾವ ಅಂವ, ದುಡ್ಡು ಕೊಡೋರು ನಾವ್ಯಾಕ?” ಎಂದು ಕೂಗಾಡಿದೆ. ಅಪ್ಪ ಏನೂ ಹೇಳಲಿಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಎನ್ನುವುದು ನಮ್ಮ ಗಾದೆ. ನ್ಯಾಯವೂ ಅದೇ ಎಂದು ನನಗೆ ಅನಿಸಿತ್ತು.

ಗೆಳತಿಯ ಮಗ ಕೇಳಿದ ಪ್ರಶ್ನೆ ಇದರ ಇನ್ನೊಂದು ಮುಖ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಯಾಕೆ ತೀರಿಸಬೇಕು?

ಹೊಲ ಬಿಡಿಸುವ ಸಂಬಂಧಿಕ

ಹೀಬ್ರೂ ಭಾಷೆಯಲ್ಲಿ ವಿಮೋಚಕನಿಗೆ ‘ಗೋಯೆಲ್’ ಎಂಬ ಪದವಿದೆ. ಇದು ದೇವಾಲಯದ ಪದವಲ್ಲ, ಕುಟುಂಬದ ಪದ. ಸತ್ಯವೇದದ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಇದರ ನಿಯಮಗಳಿವೆ. ಬಡತನದಿಂದ ಒಬ್ಬ ಜಮೀನು ಮಾರಿಕೊಂಡರೆ ಹತ್ತಿರದ ಸಂಬಂಧಿಕ ಬಂದು ಅದನ್ನು ಬಿಡಿಸಬೇಕು. ಸಾಲಕ್ಕಾಗಿ ತನ್ನನ್ನೇ ಜೀತಕ್ಕೆ ಮಾರಿಕೊಂಡಿದ್ದರೆ ಅವನನ್ನು ಬಿಡಿಸಬಹುದು. ಬಿಡಿಸುವವರು ಯಾರೂ ಇಲ್ಲದಿದ್ದರೆ 50ನೇ ವರ್ಷ, ಜೂಬಿಲಿ ವರ್ಷದಲ್ಲಿ, ಜಮೀನು ಮೂಲ ಮನೆತನಕ್ಕೆ ಮರಳಬೇಕು. ಒಂದು ಕುಟುಂಬ ಶಾಶ್ವತವಾಗಿ ಮುಳುಗಿಹೋಗಬಾರದು ಎನ್ನುವ ಕಾಳಜಿ ಆ ನಿಯಮದ ಹಿಂದಿದೆ.

ಇದರ ಅತ್ಯಂತ ಸುಂದರ ಉದಾಹರಣೆ ರೂತಳ ಕಥೆ. ನಾಲ್ಕೇ ಅಧ್ಯಾಯದ ಪುಟ್ಟ ಪುಸ್ತಕ. ವಿದೇಶದಲ್ಲಿರುವ ನಮಗೆ ಬಹಳ ಹತ್ತಿರದ್ದು. ಬರಗಾಲದಿಂದ ಬೇತ್ಲೆಹೇಮ್ ಬಿಟ್ಟು ಮೋವಾಬ್ ದೇಶಕ್ಕೆ ವಲಸೆ ಹೋದ ಒಂದು ಸಂಸಾರ. ಅಲ್ಲಿ ನೊವೊಮಿಯ ಗಂಡ ಸಾಯುತ್ತಾನೆ, ಇಬ್ಬರು ಗಂಡುಮಕ್ಕಳೂ ಸಾಯುತ್ತಾರೆ. ಬರಿಗೈಯಲ್ಲಿ ಊರಿಗೆ ಮರಳುವ ಅತ್ತೆಯ ಜೊತೆ ಮೋವಾಬಿನ ಸೊಸೆ ರೂತಳು ಹಟ ಹಿಡಿದು ಬರುತ್ತಾಳೆ. ಹೊಲಗಳಲ್ಲಿ ಉದುರಿದ ಜವೆಗೋದಿ ತೆನೆ ಆಯ್ದು ಇಬ್ಬರೂ ಬದುಕುತ್ತಾರೆ. ಆ ಹೊಲದ ಒಡೆಯ ಬೋವಜ, ನೊವೊಮಿಯ ಗಂಡನ ಸಂಬಂಧಿಕ.

ಬೋವಜನಿಗಿಂತ ಹತ್ತಿರದ ಇನ್ನೊಬ್ಬ ಸಂಬಂಧಿಕನಿದ್ದ. ಊರ ಬಾಗಿಲಲ್ಲಿ ಹಿರಿಯರ ಮುಂದೆ ಮಾತುಕತೆ ನಡೆಯುತ್ತದೆ. ಹೊಲ ಬಿಡಿಸುತ್ತೇನೆ ಎಂದು ಅವನು ಮೊದಲು ಒಪ್ಪುತ್ತಾನೆ. ಅದರ ಜೊತೆಗೆ ವಿದೇಶದ ವಿಧವೆಯ ಜವಾಬ್ದಾರಿಯೂ ಬರುತ್ತದೆ ಎಂದು ಗೊತ್ತಾದಾಗ ತನ್ನ ಸ್ವಂತ ಆಸ್ತಿಗೆ ನಷ್ಟವಾಗುತ್ತದೆಂದು ಹಿಂದೆ ಸರಿಯುತ್ತಾನೆ. ಕೆರ ಬಿಚ್ಚಿ ಕೊಟ್ಟು ಹಕ್ಕು ಬಿಟ್ಟುಕೊಡುತ್ತಾನೆ. ಬೋವಜ ಆ ನಷ್ಟವನ್ನು ಒಪ್ಪಿಕೊಂಡು ಹೊಲವನ್ನು ಬಿಡಿಸುತ್ತಾನೆ, ರೂತಳನ್ನು ಮದುವೆಯಾಗುತ್ತಾನೆ. ಅವರ ಮಗ ಓಬೇದ, ಮರಿಮಗ ರಾಜ ದಾವೀದ. ಯೇಸುವಿನ ವಂಶಾವಳಿಯಲ್ಲಿ ಮತ್ತಾಯನು ರೂತಳ ಹೆಸರನ್ನೂ ಬರೆದಿದ್ದಾನೆ.

ಗೋಯೆಲ್ ಆಗಲು ಮೂರು ವಿಷಯ ಬೇಕೆಂದು ಈ ಕಥೆಯಿಂದ ತಿಳಿಯುತ್ತದೆ. ಅವನು ನಮ್ಮವನಾಗಿರಬೇಕು. ಬಿಡಿಸುವ ಶಕ್ತಿ ಇರಬೇಕು. ನಷ್ಟಕ್ಕೆ ಮನಸ್ಸು ಒಪ್ಪಬೇಕು. ಯೇಸುವನ್ನು ವಿಮೋಚಕ ಎಂದಾಗ ಕ್ರೈಸ್ತರ ಮನಸ್ಸಿನಲ್ಲಿ ಈ ಮೂರೂ ಇರುತ್ತವೆ. ದೇವರು ದೂರದಲ್ಲಿ ಕೂತು ಕ್ಷಮಾಪತ್ರ ಕಳಿಸಲಿಲ್ಲ, ಮನುಷ್ಯನಾಗಿ ಹುಟ್ಟಿ ನಮ್ಮ ಸಂಬಂಧಿಕನಾದ ಎನ್ನುವುದು ಕ್ರಿಸ್ಮಸ್ಸಿನ ಅರ್ಥ. ಆ ಸಂಬಂಧದ ಬೆಲೆಯನ್ನು ಕೊನೆಯವರೆಗೂ ತೆತ್ತ ಎನ್ನುವುದು ಶುಭ ಶುಕ್ರವಾರದ ಅರ್ಥ. ಆ ಬೆಲೆ ವ್ಯರ್ಥವಾಗಲಿಲ್ಲ, ಸಾವು ಅವನನ್ನು ಹಿಡಿದಿಡಲಾಗಲಿಲ್ಲ ಎನ್ನುವುದು ಈಸ್ಟರ್.

‘ವಿಮೋಚನಕಾಂಡ’: ಕನ್ನಡ ಕೊಟ್ಟ ಹೆಸರು

ಸತ್ಯವೇದದ ಎರಡನೇ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ‘ಎಕ್ಸೋಡಸ್’ ಎಂದು ಹೆಸರು. ಗ್ರೀಕ್ ಮೂಲದ ಆ ಪದಕ್ಕೆ ‘ಹೊರಡುವುದು’ ಎಂದಷ್ಟೇ ಅರ್ಥ. ಜರ್ಮನ್ನರು ಸಾಮಾನ್ಯವಾಗಿ ‘ಮೋಶೆಯ ಎರಡನೇ ಪುಸ್ತಕ’ ಎನ್ನುತ್ತಾರೆ. ಕನ್ನಡದಲ್ಲಿ ಮಾತ್ರ ಅದು ‘ವಿಮೋಚನಕಾಂಡ’. ಜನ ಎಲ್ಲಿಗೆ ಹೊರಟರು ಎನ್ನುವುದಕ್ಕಿಂತ ಯಾವುದರಿಂದ ಬಿಡುಗಡೆಯಾದರು ಎಂದು ಹೇಳುವ ಹೆಸರು. ನನಗೆ ಇದು ಬಹಳ ಇಷ್ಟ.

ಐಗುಪ್ತದಲ್ಲಿ ಇಟ್ಟಿಗೆ ಮಾಡುತ್ತಿದ್ದ ಇಸ್ರಾಯೇಲ್ಯರದು ಜೀತದ ಬದುಕು. ಜೀತ ಎಂದರೆ ಏನೆಂದು ಕನ್ನಡದವರಿಗೆ ವಿವರಿಸಬೇಕಿಲ್ಲ. ಭಾರತದಲ್ಲಿ ಅದನ್ನು ರದ್ದು ಮಾಡುವ ಕಾಯ್ದೆ ಬಂದದ್ದೇ 1976ರಲ್ಲಿ. ಅಜ್ಜ ಮಾಡಿದ ಸಾಲಕ್ಕೆ ಮೊಮ್ಮಗ ದುಡಿಯುವುದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಆ ಜನರನ್ನು ದೇವರು ಬಿಡಿಸಿದ ರಾತ್ರಿಯನ್ನು ಯಹೂದ್ಯರು ಇಂದಿಗೂ ಪಸ್ಕ ಹಬ್ಬವಾಗಿ ಆಚರಿಸುತ್ತಾರೆ. ಯೇಸುವನ್ನು ಶಿಲುಬೆಗೆ ಹಾಕಿದ್ದು ಅದೇ ಹಬ್ಬದ ಸಮಯದಲ್ಲಿ. ಹಾಗಾಗಿ ಶಿಷ್ಯರು ಆ ಸಾವನ್ನು ಪಸ್ಕದ ಬೆಳಕಿನಲ್ಲಿ ಅರ್ಥಮಾಡಿಕೊಂಡರು. ಐಗುಪ್ತದ ಜೀತ ಒಂದಾದರೆ ಪಾಪ, ಭಯ, ಸಾವು ಎಂಬ ಜೀತ ಇನ್ನೊಂದು. ಅದರಿಂದಲೂ ಬಿಡುಗಡೆ ಇದೆ ಎಂದು ಅವರು ಸಾರಿದರು.

ಇಲ್ಲಿ ಇನ್ನೊಂದು ಪದದ ಮಾತು. ‘ವಿಮೋಚನೆ’, ‘ಮುಕ್ತಿ’, ‘ಮೋಕ್ಷ’ ಮೂರೂ ‘ಬಿಡಿಸು’ ಎಂಬ ಅರ್ಥದ ಒಂದೇ ಸಂಸ್ಕೃತ ಧಾತುವಿನಿಂದ ಬಂದವು. ಅರ್ಥ ಮಾತ್ರ ಒಂದೇ ಅಲ್ಲ. ಮೋಕ್ಷ ಎಂದಾಗ ಹುಟ್ಟು-ಸಾವುಗಳ ಚಕ್ರದಿಂದ ಬಿಡುಗಡೆ ನೆನಪಾಗುತ್ತದೆ. ಕ್ರೈಸ್ತರ ವಿಮೋಚನೆಯಲ್ಲಿ ಮುರಿದ ಸಂಬಂಧ ಸರಿಯಾಗುವುದು ಮುಖ್ಯ: ದೇವರ ಜೊತೆ, ನೆರೆಯವರ ಜೊತೆ. ಹಾಗೆಂದು ‘ಅಲ್ಲಿ ಕರ್ಮ, ಇಲ್ಲಿ ಕೃಪೆ’ ಎಂದು ಗೆರೆ ಎಳೆಯುವುದೂ ಸರಿಯಲ್ಲ. ನಮ್ಮ ಶರಣರ, ದಾಸರ ಸಾಹಿತ್ಯದ ತುಂಬ ಕರುಣೆಗಾಗಿ ಮೊರೆಯಿದೆ. ನಿಮ್ಮ ಮಗುವಿಗೆ ‘ಕೃಪೆ’ ಎಂಬುದನ್ನು ಪರಿಚಯಿಸಲು ನಿಮ್ಮ ಮನೆಯ ಪರಂಪರೆಯಲ್ಲೇ ಬಾಗಿಲು ಸಿಗಬಹುದು.

ಭಾಷೆಯ ಮಾತು ಬಂದಾಗ ಟ್ಯೂಬಿಂಗನ್ನಿಗೂ ಕನ್ನಡಕ್ಕೂ ಇರುವ ನಂಟನ್ನು ಹೇಳದೆ ಇರಲಾರೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಅವರು ಬಾಸೆಲ್ ಮಿಷನ್ನಿನವರು. ಆ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ನಮ್ಮ ಬೆಟಗೇರಿಯ ಸಭೆಯ ಬೇರೂ ಅಲ್ಲಿಯೇ. ಒಂದು ನಂಬಿಕೆಯನ್ನು ಹೇಳಲು ಬಂದವರು ಮೊದಲು ಪದಗಳನ್ನು ಹುಡುಕಬೇಕಾಯಿತು. ಅಂಥ ಹುಡುಕಾಟದಲ್ಲಿ ಉಳಿದ ಪದಗಳಿಂದಲೇ ನಾನು ಇಂದು ನನ್ನ ಮಗಳ ಜೊತೆ ಮಾತಾಡುತ್ತಿದ್ದೇನೆ.

ಹಣ ಯಾರಿಗೆ ಸೇರಿತು?

ದೊಡ್ಡ ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಇದು. ತಾನು ಅನೇಕರ ಬಿಡುಗಡೆಗೆ ಈಡಾಗಿ ಪ್ರಾಣ ಕೊಡಲು ಬಂದವನೆಂದು ಯೇಸು ಹೇಳಿದ್ದಾಗಿ ಮಾರ್ಕನ ಸುವಾರ್ತೆಯಲ್ಲಿದೆ. ಅಲ್ಲಿನ ಗ್ರೀಕ್ ಪದ ‘ಲೂಟ್ರೋನ್’: ಗುಲಾಮರನ್ನು, ಸೆರೆಯಾಳುಗಳನ್ನು ಬಿಡಿಸಲು ಕೊಡುವ ಹಣ. ಹಾಗಾದರೆ ಆ ಬೆಲೆಯನ್ನು ಪಡೆದವರು ಯಾರು?

ಕ್ರೈಸ್ತ ಚಿಂತಕರು ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಮನುಷ್ಯರು ಸೈತಾನನ ಸೆರೆಯಲ್ಲಿದ್ದರು, ಈಡು ಅವನಿಗೆ ಸಂದಿತು ಎಂದು 3ನೇ ಶತಮಾನದ ಒರಿಜೆನ್ ಯೋಚಿಸಿದ. 4ನೇ ಶತಮಾನದಲ್ಲಿ ನಾಜಿಯಾನ್ಸಸ್‌ನ ಗ್ರೆಗರಿ ಅದನ್ನು ಒಪ್ಪಲಿಲ್ಲ. ಕಳ್ಳನಿಗೆ ಅಷ್ಟು ದೊಡ್ಡ ಬೆಲೆ ಕೊಡುವುದು ಎಂಥ ಮಾತು, ತಂದೆಯಾದ ದೇವರು ನಮ್ಮನ್ನು ಸೆರೆಯಲ್ಲಿಟ್ಟಿದ್ದವನೂ ಅಲ್ಲವಲ್ಲ ಎನ್ನುವುದು ಅವನ ಆಕ್ಷೇಪ. 1098ರ ಸುಮಾರಿಗೆ ಕ್ಯಾಂಟರ್ಬರಿಯ ಆನ್ಸೆಲ್ಮ್, ಪಾಪದಿಂದ ದೇವರ ಗೌರವಕ್ಕೆ ಕುಂದು ಬಂತು, ಅದನ್ನು ತುಂಬಿಕೊಡಲು ಮನುಷ್ಯನೂ ದೇವರೂ ಆದವನೇ ಬೇಕಾಯಿತು ಎಂದು ವಾದಿಸಿದ. ಮುಂದಿನ ಶತಮಾನದ ಅಬೆಲಾರ್ಡ್, ಶಿಲುಬೆಯ ಪ್ರೀತಿಯನ್ನು ಕಂಡು ನಮ್ಮ ಮನಸ್ಸು ಬದಲಾಗುವುದರಲ್ಲೇ ವಿಮೋಚನೆಯಿದೆ ಎಂಬುದಕ್ಕೆ ಒತ್ತುಕೊಟ್ಟ. ಕಾನೂನು ಓದಿದ್ದ ಕ್ಯಾಲ್ವಿನ್ 16ನೇ ಶತಮಾನದಲ್ಲಿ ನ್ಯಾಯಾಲಯದ ಭಾಷೆಯಲ್ಲಿ, ನಮಗೆ ಬರಬೇಕಿದ್ದ ಶಿಕ್ಷೆಯನ್ನು ಕ್ರಿಸ್ತನು ಹೊತ್ತ ಎಂದು ವಿವರಿಸಿದ.

ಗುಲಾಮರ ಸಂತೆ ಇದ್ದ ಕಾಲದಲ್ಲಿ ಈಡಿನ ಚಿತ್ರ, ಪಾಳೆಯಗಾರರ ಕಾಲದಲ್ಲಿ ಗೌರವದ ಚಿತ್ರ, ಕೋರ್ಟುಗಳ ಕಾಲದಲ್ಲಿ ಶಿಕ್ಷೆಯ ಚಿತ್ರ. ಬಹುತೇಕ ಸಭೆಗಳು ಒಪ್ಪುವ ನಿಕಿಯ ವಿಶ್ವಾಸಪ್ರಮಾಣ ಯೇಸು ನಮಗಾಗಿ ಶಿಲುಬೆಗೇರಿದನೆಂದು ಹೇಳುತ್ತದೆಯೇ ಹೊರತು ಅದು ‘ಹೇಗೆ’ ಕೆಲಸ ಮಾಡುತ್ತದೆ ಎಂಬ ಒಂದೇ ಸಿದ್ಧಾಂತವನ್ನು ಕಟ್ಟಿಕೊಟ್ಟಿಲ್ಲ.

ಇದು ನನಗೆ ಪ್ರಯೋಗಾಲಯವನ್ನು ನೆನಪಿಸುತ್ತದೆ. ಅಣುಗಳನ್ನು ತೋರಿಸಲು ಮಕ್ಕಳಿಗೆ ಬಣ್ಣದ ಚೆಂಡು, ಕಡ್ಡಿಗಳ ಮಾದರಿ ಕೊಡುತ್ತೇವೆ. ಪರಮಾಣುಗಳು ಯಾವ ಕೋನದಲ್ಲಿ ಜೋಡಿಕೊಂಡಿವೆ ಎಂದು ತಿಳಿಯಲು ಅದು ಬಹಳ ಉಪಯುಕ್ತ. ‘ಈ ಕಡ್ಡಿ ಯಾವ ಮರದ್ದು?’ ಎಂದು ಕೇಳಿದರೆ ಮಾತ್ರ ಮಾದರಿಗೆ ಉತ್ತರ ಗೊತ್ತಿಲ್ಲ. ತಪ್ಪು ಮಾದರಿಯದಲ್ಲ, ಅದನ್ನು ಅದರ ಕೆಲಸಕ್ಕಿಂತ ಮುಂದೆ ಎಳೆದಿದ್ದೇವೆ ಅಷ್ಟೆ. ‘ಹಣ ಯಾರ ಕೈಸೇರಿತು?’ ಎನ್ನುವುದೂ ಅಂಥದೇ ಪ್ರಶ್ನೆ ಎಂದು ನನಗೆ ಅನಿಸುತ್ತದೆ. ವಿಮೋಚನಕಾಂಡದಲ್ಲಿ ದೇವರು ತನ್ನ ಜನರನ್ನು ಬಿಡಿಸುತ್ತಾನೆ, ಆದರೆ ಫರೋಹನಿಗೆ ಒಂದು ಕಾಸನ್ನೂ ಕೊಡುವುದಿಲ್ಲ. ಬಿಡಿಸಲು ಬೆಲೆ ತಗಲಿತು ಎನ್ನುವುದು ಆ ಚಿತ್ರದ ತಿರುಳು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ‘ಸಿಟ್ಟಾದ ತಂದೆ, ನಿರಪರಾಧಿ ಮಗನನ್ನು ಹೊಡೆದು ಸಮಾಧಾನಪಟ್ಟ’ ಎಂಬಂತೆ ಮಕ್ಕಳಿಗೆ ಕೇಳಿಸಬಾರದು. ಕ್ರೈಸ್ತ ನಂಬಿಕೆಯ ಪ್ರಕಾರ ಕ್ರಿಸ್ತನಲ್ಲಿ ಬೆಲೆ ತೆತ್ತವನು ದೇವರೇ. ಮೂರನೆಯವನೊಬ್ಬನನ್ನು ಹಿಡಿದು ತಂದು ಬಲಿ ಕೊಟ್ಟದ್ದಲ್ಲ. ಬೋವಜ ತನ್ನ ಗಂಟಿನಿಂದಲೇ ಹಣ ಕೊಟ್ಟ. ಅವ್ವ ತನ್ನ ಕೈಯ ಬಳೆಯನ್ನೇ ಬಿಚ್ಚಿದಳು.

ಸಾಲವೂ ತಪ್ಪೂ ಒಂದೇ ಪದದಲ್ಲಿ

ಜರ್ಮನ್ ಕಲಿಯುವಾಗ ನನ್ನನ್ನು ತಡೆದು ನಿಲ್ಲಿಸಿದ ಪದ ‘ಶುಲ್ಡ್’. ಅದರ ಅರ್ಥ ಅಪರಾಧ. ಅದರ ಬಹುವಚನ ‘ಶುಲ್ಡನ್’ ಎಂದರೆ ಸಾಲ. ಯೇಸು ಮಾತಾಡುತ್ತಿದ್ದ ಅರಾಮಿಕ್ ಭಾಷೆಯಲ್ಲೂ ‘ಹೋಬಾ’ ಎಂಬ ಒಂದೇ ಪದಕ್ಕೆ ಸಾಲ, ಪಾಪ ಎರಡೂ ಅರ್ಥವಿದೆ. ವಿಮೋಚನೆಗೆ ಜರ್ಮನ್ ಪದ ‘ಎರ್‌ಲ್ಯೋಸುಂಗ್’. ಅದರೊಳಗೆ ‘ಲ್ಯೋಸುಂಗ್’ ಇದೆ. ನಾನು ಪ್ರತಿದಿನ ಬಾಟಲಿಗಳ ಮೇಲೆ ಬರೆಯುವ ಪದ ಅದು, ದ್ರಾವಣ ಎಂದು. ಗಣಿತದಲ್ಲಿ ಅದೇ ಪದಕ್ಕೆ ‘ಪರಿಹಾರ’ ಎಂದರ್ಥ. ಎಲ್ಲಕ್ಕೂ ಮೂಲ ‘ಸಡಿಲಿಸು, ಬಿಚ್ಚು’. ಗಂಟು ಬಿಚ್ಚುವುದು.

ತಪ್ಪನ್ನು ಸಾಲದ ಹಾಗೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ‘ಪರವಾಗಿಲ್ಲ ಬಿಡು’ ಎಂದರೆ ಸಾಲ ಗಾಳಿಯಲ್ಲಿ ಮಾಯವಾಗುವುದಿಲ್ಲ. ಕೊಟ್ಟವನು ಆ ನಷ್ಟವನ್ನು ತಾನೇ ಹೊರುತ್ತಾನೆ. ಕ್ಷಮೆಯೂ ಹಾಗೆಯೇ. ನಿಜವಾಗಿ ಕ್ಷಮಿಸಿದವರಿಗೆಲ್ಲ ಗೊತ್ತು, ಅದು ಪುಕ್ಕಟೆಯಲ್ಲ.

ಇದನ್ನು ಬರೆದು, ಬದುಕಿ ತೋರಿಸಿದವರು ಡೀಟ್ರಿಶ್ ಬೋನ್‌ಹೋಫರ್. 1923ರಲ್ಲಿ ಹದಿನೇಳರ ಹುಡುಗನಾಗಿ ದೇವತಾಶಾಸ್ತ್ರ ಓದಲು ಬಂದದ್ದು ಇದೇ ಟ್ಯೂಬಿಂಗನ್ನಿಗೆ. 1937ರ ಪುಸ್ತಕದಲ್ಲಿ ಅವರು ‘ಅಗ್ಗದ ಕೃಪೆ’ಯ ವಿರುದ್ಧ ಬರೆದರು. ಬದಲಾಗುವ ಮನಸ್ಸಿಲ್ಲದೆ ಕ್ಷಮೆಯನ್ನು ಮಾತ್ರ ಬಯಸುವುದು, ‘ಹೇಗೂ ಕ್ಷಮೆ ಸಿಗುತ್ತದೆ’ ಎಂದು ಹಾಯಾಗಿರುವುದು ಅಗ್ಗದ ಕೃಪೆ. ಹಿಟ್ಲರನನ್ನು ವಿರೋಧಿಸಿದ ಅವರನ್ನು 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಲಾಯಿತು.

ಸುವಾರ್ತೆಯಲ್ಲಿ ಸುಂಕದ ಜಕ್ಕಾಯನ ಕಥೆಯಿದೆ. ಯೇಸು ತಾನಾಗಿ ಅವನ ಮನೆಗೆ ಊಟಕ್ಕೆ ಬಂದದ್ದೇ ಅವನು ಎದ್ದು ನಿಂತು, ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದು ಹೇಳುತ್ತಾನೆ. ಮೊದಲು ಕೃಪೆ, ಆಮೇಲೆ ಬದಲಾವಣೆ. ಕೃಪೆ ಬಂತೆಂದು ಲೆಕ್ಕ ಮರೆತುಹೋಗುವುದಿಲ್ಲ.

ನಮ್ಮ ಅಪ್ಪನಿಗೂ ಅದು ಗೊತ್ತಿತ್ತು. ಹೊಲ ಬಿಡಿಸಿದ ಮೇಲೆ ಅದನ್ನು ಕಾಕಾನ ಹೆಸರಿಗೆ ಬರೆಯಲಿಲ್ಲ. ಚಿಗವ್ವನ ಹೆಸರಿಗೆ ಬರೆಸಿದರು. ಪ್ರೀತಿ ಮಾಡುವುದು ಬೇರೆ, ಕಣ್ಣು ಮುಚ್ಚಿಕೊಳ್ಳುವುದು ಬೇರೆ.

ಮಕ್ಕಳಿಗೆ ಹೇಳುವಾಗ

ಗೆಳತಿಯ ಜೊತೆ ಆ ರಾತ್ರಿ ಮಾತಾಡಿದ್ದನ್ನೂ ಆಮೇಲೆ ನನ್ನ ಅನುಭವಕ್ಕೆ ಬಂದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಆರು ವರ್ಷದೊಳಗಿನವರಿಗೆ ಮೊಳೆ, ರಕ್ತದ ವಿವರ ಬೇಡ. ನೂರು ಕುರಿಗಳಲ್ಲಿ ತಪ್ಪಿಸಿಕೊಂಡ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ಸಾಕು. ಕಳೆದುಹೋದದ್ದು ಅವನದೇ ಕುರಿ, ಅದಕ್ಕೇ ಹುಡುಕಿದ.

ಏಳರಿಂದ ಹತ್ತರವರಿಗೆ ಅಡವಿಟ್ಟ ಒಡವೆಯ ಕಥೆ, ರೂತಳ ಕಥೆ ಚೆನ್ನಾಗಿ ಹಿಡಿಸುತ್ತವೆ. ‘ನಿನ್ನಿಂದಾಗಿ ಯೇಸು ಸತ್ತ’ ಎಂಬ ಭಾರವನ್ನು ಮಗು ಹೊತ್ತಿದ್ದರೆ ಮೊದಲು ಅದನ್ನು ಇಳಿಸಿ. ಗೆಳತಿಯ ಮಗನಿಗೆ ನಾವು ಹೇಳಿದ್ದು ಇಷ್ಟು: “ನೀನು ಯೇಸುವನ್ನು ಸಾಯಿಸಲಿಲ್ಲ. ರೋಮಿನ ಅಧಿಕಾರಿ ಪಿಲಾತ ಆ ಶಿಕ್ಷೆ ಕೊಟ್ಟ. ಎಲ್ಲ ಮನುಷ್ಯರನ್ನೂ ಪ್ರೀತಿಸಿದ್ದರಿಂದ ಯೇಸು ಓಡಿಹೋಗಲಿಲ್ಲ ಎಂದು ಕ್ರೈಸ್ತರು ನಂಬುತ್ತಾರೆ. ನಿನ್ನ ಗೆಳೆಯ ಹೇಳಲು ಹೊರಟದ್ದು ‘ನೀನು ಕೆಟ್ಟವನು’ ಎಂದಲ್ಲ, ‘ನೀನೂ ಆ ಪ್ರೀತಿಯಲ್ಲಿ ಸೇರಿದ್ದೀ’ ಎಂದು.” ಯಹೂದ್ಯರನ್ನೆಲ್ಲ ಆ ಸಾವಿಗೆ ಹೊಣೆ ಮಾಡುವ ಮಾತು ಎಲ್ಲಾದರೂ ಕಿವಿಗೆ ಬಿದ್ದರೆ ಅದನ್ನೂ ತಿದ್ದಬೇಕು. ಶತಮಾನಗಳ ಕಾಲ ಆ ಆರೋಪ ಎಷ್ಟು ವಿಷ ಉಣಿಸಿತೆಂದು ಜರ್ಮನಿಯಲ್ಲಿ ಬೆಳೆಯುವ ಮಕ್ಕಳಿಗೆ ಗೊತ್ತಿರಬೇಕು. ಕ್ಯಾಥೋಲಿಕ್ ಸಭೆ 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ಅದನ್ನು ಅಧಿಕೃತವಾಗಿ ತಳ್ಳಿಹಾಕಿತು.

ಹದಿಹರೆಯದವರ ಜೊತೆ ಕಷ್ಟದ ಪ್ರಶ್ನೆಗಳನ್ನೇ ಮಾತಾಡಿ. ಅನ್ಯಾಯ ಮಾಡಿದವನಿಗೆ ಕ್ಷಮೆಯಾದರೆ ನೊಂದವರ ಗತಿಯೇನು? ವಿಮೋಚನೆಯ ಹೆಸರಿನಲ್ಲಿ ನೊಂದವರ ಬಾಯಿ ಮುಚ್ಚಿಸುವುದು, ‘ಕ್ಷಮಿಸಿಬಿಡು’ ಎಂದು ಒತ್ತಾಯಿಸುವುದು ಆ ಪದಕ್ಕೆ ಮಾಡುವ ದ್ರೋಹ. ವಿಮೋಚನಕಾಂಡದಲ್ಲಿ ದೇವರು ಕೇಳಿಸಿಕೊಂಡದ್ದು ಜೀತಗಾರರ ಕೂಗನ್ನು.

ಇನ್ನೊಂದು ಮಾತು. ‘ಯೇಸು ಇಷ್ಟೆಲ್ಲ ಮಾಡಿದ, ನೀನು ಹೋಮ್‌ವರ್ಕ್ ಕೂಡ ಮಾಡಲ್ಲ’ ಎಂದು ಈ ಕಥೆಯನ್ನು ಕೋಲಿನ ಹಾಗೆ ಬಳಸಬೇಡಿ. ನಾವು ವಲಸೆ ಬಂದ ಪಾಲಕರು ‘ನಿನಗಾಗಿ ಎಷ್ಟು ತ್ಯಾಗ ಮಾಡಿದ್ದೀವಿ ಗೊತ್ತಾ’ ಎಂದು ಹೇಳುವುದರಲ್ಲಿ ಪಳಗಿದವರು. ಮತ್ತೆ ಮತ್ತೆ ನೆನಪಿಸಿದ ತ್ಯಾಗ ಹೊಸ ಸಾಲವಾಗುತ್ತದೆ.

ಅವ್ವ ಹೇಳಿದ ಮಾತು

ಶುಭ ಶುಕ್ರವಾರದ ಸಂಜೆ ನನ್ನ ಮಗಳಿಗೆ ಮೊದಲ ಸಲ ಬಳೆಯ ಕಥೆಯನ್ನು ಪೂರ್ತಿ ಹೇಳಿದೆ. ಅವಳು ಅಕೌಂಟೆಂಟಿನ ಹಾಗೆ ಕೇಳುತ್ತ ಹೋದಳು.

“ಆಮೇಲೆ ಬಳೆ ವಾಪಸ್ ಬಂತಾ?”

“ಎರಡು ಬಂತು. ಇನ್ನೆರಡರ ಬಡ್ಡಿ ಕಟ್ಟೋಕಾಗದೆ ಹರಾಜಾಯ್ತು.”

“ಕಾಕಾ ಅಜ್ಜ ದುಡ್ಡು ವಾಪಸ್ ಕೊಟ್ರಾ?”

“ಇಲ್ಲ.”

“ಒಳ್ಳೆಯವರಾದ್ರಾ?”

ಇಲ್ಲಿ ನಾನು ಸುಳ್ಳು ಹೇಳಬಾರದಿತ್ತು. ಕಾಕಾ ಮರುದಿನವೇ ಬದಲಾಗಲಿಲ್ಲ. ಚಿಗವ್ವ ಮರಳಿ ಬಂದ ಮೇಲೂ ಎರಡು ಸಲ ಜಾರಿದ. ಕುಡಿತ ಪೂರ್ತಿ ಬಿಟ್ಟದ್ದು ಐದಾರು ವರ್ಷದ ಮೇಲೆ. ಈಗ ಅದೇ ಹೊಲದಲ್ಲಿ ಜೋಳ, ಕಡಲೆ ಬೆಳೆಯುತ್ತಾನೆ. ಸುಗ್ಗಿಯಾದ ಮೇಲೆ ನಮ್ಮ ಮನೆಗೆ ಒಂದು ಚೀಲ ಜೋಳ ತಂದಿಟ್ಟು, ಚಹಾ ಕುಡಿದು, ಏನೂ ಮಾತಾಡದೆ ಹೋಗುತ್ತಾನೆ. ಇಷ್ಟು ವರ್ಷಗಳಲ್ಲಿ ಒಂದು ಸುಗ್ಗಿಯನ್ನೂ ತಪ್ಪಿಸಿಲ್ಲ. ಇದನ್ನೆಲ್ಲ ಮಗಳಿಗೆ ಹೇಳಿದೆ.

ಅವಳಿಗೆ ಸಮಾಧಾನವಾಗಲಿಲ್ಲ. “ಅಜ್ಜಿಗೆ ಬೇಜಾರಾಗಲಿಲ್ವಾ? ಕೇಳೋಣ” ಎಂದಳು. ನಾನು ಹದಿನೇಳನೇ ವಯಸ್ಸಿನಲ್ಲಿ ಕೇಳಬೇಕಿದ್ದ ಪ್ರಶ್ನೆ ಅದು. ನಾನು ಕೂಗಾಡಿದ್ದೆನೇ ಹೊರತು ಅವ್ವನನ್ನು ಕೇಳಿರಲೇ ಇಲ್ಲ. ಆಗ ಊರಲ್ಲಿ ರಾತ್ರಿ ಒಂಬತ್ತೂವರೆ. ವಿಡಿಯೋ ಕಾಲ್ ಮಾಡಿದೆವು. ಅವ್ವ ಚರ್ಚಿನಿಂದ ಬಂದು ಸುಸ್ತಾಗಿ ಕೂತಿದ್ದಳು.

ಮೊಮ್ಮಗಳ ಪ್ರಶ್ನೆಗೆ ಅವ್ವ ನಕ್ಕಳು. “ಬ್ಯಾಸರ ಆಗಿತ್ತವಾ, ಯಾಕಾಗೂದಿಲ್ಲ? ನಮ್ಮಪ್ಪ ಕೊಟ್ಟ ಬಳಿ ಅವು. ಆದ್ರ ಕೊಡಲಿಲ್ಲಂದ್ರ ಬಳಿ ಕೈಯಾಗ ಇರ್ತಿದ್ವು, ಅಂವ ಮನ್ಯಾಗ ಇರ್ತಿರಲಿಲ್ಲ. ಅಂವ ನಮ್ಮಂವ ಅಲ್ಲೇನು?”

ಗೋಯೆಲ್ ಎಂಬ ಪದವನ್ನು ಅವ್ವ ಕೇಳಿಲ್ಲ. ಆನ್ಸೆಲ್ಮನ ಹೆಸರೂ ಅವಳಿಗೆ ಗೊತ್ತಿಲ್ಲ. ‘ನಮ್ಮಂವ ಅಲ್ಲೇನು’ ಎಂಬ ಮಾತಿನಲ್ಲಿ ಯಾಜಕಕಾಂಡದ ಆ ಅಧ್ಯಾಯ, ರೂತಳ ಪುಸ್ತಕ, ನಾನು ಇಷ್ಟು ಹೊತ್ತು ವಿವರಿಸಲು ಹೆಣಗಿದ್ದು ಎಲ್ಲವೂ ಇದ್ದವು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅಜ್ಜಿ ಬಳೆ ಕೊಟ್ಟು ಕಾಕಾ ಅಜ್ಜನ್ನ ಬಿಡಿಸಿಕೊಂಡ್ರು, ಅಲ್ವಾ?” ಎಂದಳು.

ಹೌದು ಎಂದೆ. ಇಷ್ಟು ವರ್ಷ ನಾನು ಅಪ್ಪ ಹೊಲವನ್ನು ಬಿಡಿಸಿದರು ಎಂದೇ ಅಂದುಕೊಂಡಿದ್ದೆ.

ಮರುದಿನ ಗೆಳತಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಅವರ ಮಗ ಆ ಪ್ರಶ್ನೆಯನ್ನು ಬಿಟ್ಟು ಈಸ್ಟರ್ ಮೊಟ್ಟೆಗಳ ಕಡೆ ಹೊರಳಿದ್ದನಂತೆ. ಮಕ್ಕಳು ಹಾಗೆಯೇ. ಇವತ್ತು ಬಿಟ್ಟ ಪ್ರಶ್ನೆಯನ್ನು ಹದಿನಾಲ್ಕನೇ ವಯಸ್ಸಿನಲ್ಲಿ ಮತ್ತೆ ತರುತ್ತಾರೆ. ಆಗ ಉತ್ತರ ಪೂರ್ತಿ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಅವರ ಜೊತೆ ಕೂತು ಮಾತಾಡಿ. ನಿಮ್ಮ ಮನೆಯಲ್ಲೂ ಯಾರೋ ಯಾರಿಗಾಗಿಯೋ ಬಿಚ್ಚಿಕೊಟ್ಟ ಬಳೆಯ ಕಥೆ ಇದ್ದೇ ಇರುತ್ತದೆ. ಅದನ್ನು ಬಲ್ಲ ಹಿರಿಯರು ಫೋನಿಗೆ ಸಿಗುವಾಗಲೇ ಕೇಳಿಟ್ಟುಕೊಳ್ಳಿ.